ಫೋಟೊ ತೆಗೆಯುವವರಿಗೆ ಆರ್ಟಿಸ್ಟ್ ಸ್ಟೇಟ್‌ಮೆಂಟ್ ಬೇಕಾ? ಬೇಕಾದರೆ ಬರೆಯುವುದು ಹೇಗೆ?

"ಸರ್, ಫೋಟೊ ಜೊತಿ ಆರ್ಟಿಸ್ಟ್ ಸ್ಟೇಟ್‌ಮೆಂಟ್ ಕಳಸ್ರಿ ಅಂದಾರ. ಅದೇನ್ರಿ? ಕೊಡ್ಲೇಬೇಕಾ?" ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಮದುವೆ ಸ್ಟುಡಿಯೊ ನಡೆಸುತ್ತಾ, ಸೀಸನ್ ಇಲ್ಲದಾಗ ತಮ್ಮ ಇಷ್ಟಕ್ಕೆ ಫೋಟೊ ತೆಗೆಯುವವರು. ಕೆಲವರು ಕಲಾ ಕಾಲೇಜಿನ ವಿದ್ಯಾರ್ಥಿಗಳು. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಅರ್ಧ ಹೇಳುವ ಬದಲು ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಆರ್ಟಿಸ್ಟ್ ಸ್ಟೇಟ್‌ಮೆಂಟ್ ಅಂದರೆ ಒಂದು ಸಣ್ಣ ಬರಹ. ಈ ಚಿತ್ರಗಳನ್ನು ಯಾಕೆ ತೆಗೆದಿರಿ, ಹೇಗೆ ತೆಗೆದಿರಿ, ಅದರಲ್ಲಿ ಏನನ್ನು ಹುಡುಕುತ್ತಿದ್ದೀರಿ ಎಂದು ನೀವೇ ನಿಮ್ಮ ಮಾತಿನಲ್ಲಿ ಹೇಳುವುದು. ಮುಂದೆ ಇದನ್ನು ಸುಮ್ನೆ "ಹೇಳಿಕೆ" ಎಂದು ಕರೆಯುತ್ತೇನೆ.

ಎಲ್ಲರಿಗೂ ಹೇಳಿಕೆ ಬೇಕಿಲ್ಲ. ನಿಮ್ಮ ಚಿತ್ರಗಳು ಒಂದು ಗುಂಪಾಗಿ, ನೀವು ಪಕ್ಕದಲ್ಲಿ ನಿಂತು ವಿವರಿಸಲಾಗದ ಜಾಗಕ್ಕೆ ಹೋಗುವಾಗ ಬೇಕು.

ಹಂತ 1: ನಿಮಗೆ ಬೇಕಾ ಎಂದು ಮೊದಲು ನೋಡಿಕೊಳ್ಳಿ

ಮದುವೆ, ಸೀಮಂತ, ಪ್ರಾಡಕ್ಟ್ ಫೋಟೊ ಮಾಡುತ್ತೀರಾ? ಆ ಕೆಲಸಕ್ಕೆ ಹೇಳಿಕೆ ಬೇಡ. ಬರುವವರು ಆಲ್ಬಮ್ ನೋಡುತ್ತಾರೆ, ರೇಟ್ ಕೇಳುತ್ತಾರೆ, ನೀವು ಆ ತಾರೀಖಿಗೆ ಸಿಗುತ್ತೀರಾ ಎಂದು ಕೇಳುತ್ತಾರೆ. ಆ ಮೂರಕ್ಕೆ ಸರಿಯಾದ ಉತ್ತರ ಇದ್ದರೆ ಸಾಕು.

ಸಲೋನ್‌ಗೂ ಬೇಡ. ಸಲೋನ್ ಅಂದರೆ ಫೋಟೊಗ್ರಫಿ ಕ್ಲಬ್‌ಗಳು ನಡೆಸುವ ಸ್ಪರ್ಧೆ. ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳ ಲೋಕ ಅದು. ತೀರ್ಪುಗಾರರಿಗೆ ನಿಮ್ಮ ಹೆಸರು ತೋರಿಸುವುದಿಲ್ಲ. ಒಂದೊಂದು ಚಿತ್ರ ಕೆಲವೇ ಸೆಕೆಂಡು ತೆರೆಯ ಮೇಲೆ ಬರುತ್ತದೆ, ಅಂಕ ಬೀಳುತ್ತದೆ, ಮುಂದಿನದು ಬರುತ್ತದೆ. ಅಲ್ಲಿ ಚಿತ್ರವೇ ಎಲ್ಲ. ಸುರಪುರ ಹತ್ತಿರದ ಬೋನಾಳ ಕೆರೆಯ ಹಕ್ಕಿ ಚಿತ್ರ ಕಳಿಸುವವರು ಹೇಳಿಕೆಯ ಚಿಂತೆ ಬಿಟ್ಟು ನೇಚರ್ ವಿಭಾಗದ ನಿಯಮ ಓದಲಿ. ಅಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸುವ ಹಾಗಿಲ್ಲ, ಇದ್ದದ್ದನ್ನು ಅಳಿಸುವ ಹಾಗೂ ಇಲ್ಲ.

ಎಲ್ಲಿ ಬೇಕು? ಪ್ರದರ್ಶನಕ್ಕೆ ಬೇಕು. ಫೆಲೋಶಿಪ್ ಅಥವಾ ಧನಸಹಾಯದ ಅರ್ಜಿಗೆ ಬೇಕು. ರೆಸಿಡೆನ್ಸಿಗೆ ಬೇಕು, ಅಂದರೆ ಕೆಲವು ವಾರ ಒಂದು ಕಡೆ ಇಟ್ಟುಕೊಂಡು ಕೆಲಸ ಮಾಡಲು ಬಿಡುವ ಏರ್ಪಾಡಿಗೆ. ಫೋಟೊ ಪುಸ್ತಕ ಮಾಡುವಾಗ ಬೇಕು. ಪೋರ್ಟ್‌ಫೋಲಿಯೊ ರಿವ್ಯೂ ಅಂತ ಇರುತ್ತದೆ. ಅನುಭವಿಗಳ ಎದುರು ಕೂತು ನಿಮ್ಮ ಚಿತ್ರ ತೋರಿಸಿ ಅಭಿಪ್ರಾಯ ಕೇಳುವುದು. ಅಲ್ಲಿಗೂ ಒಂದು ಪ್ರತಿ ಹಿಡಿದುಕೊಂಡು ಹೋದರೆ ಒಳ್ಳೆಯದು.

"ಇದರಿಂದ ಪ್ರಚಾರ ಸಿಗುತ್ತದಾ?" ಎಂದು ಕೇಳುತ್ತಾರೆ. ಚಿತ್ರ ಸಪ್ಪೆ ಇದ್ದರೆ ಹೇಳಿಕೆ ಅದನ್ನು ಎತ್ತಲಾರದು. ಆದರೆ ಒಂದು ಮಾತು ಗಮನಿಸಿ. ಪ್ರದರ್ಶನ ಏರ್ಪಡಿಸುವವರು ಕರಪತ್ರಕ್ಕೆ, ವರದಿಗಾರರು ಸುದ್ದಿಗೆ ನಿಮ್ಮ ಹೇಳಿಕೆಯ ಸಾಲುಗಳನ್ನೇ ಎತ್ತಿಕೊಳ್ಳುತ್ತಾರೆ. ನೀವು ಬರೆದು ಕೊಡದಿದ್ದರೆ ಅವರೇ ಏನಾದರೂ ಬರೆಯಬೇಕಾಗುತ್ತದೆ. ಆಗ ನಮ್ಮ ಕಡೆಯವರಿಗೆ ಬೀಳುವ ಪದ ಯಾವುದು ಗೊತ್ತಾ? "ಹಿಂದುಳಿದ ಜಿಲ್ಲೆಯ ಪ್ರತಿಭೆ." ನಿಮ್ಮ ಚಿತ್ರದ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ನಿಮ್ಮ ಕೆಲಸವನ್ನು ಯಾವ ಮಾತಿನಲ್ಲಿ ಪರಿಚಯಿಸಬೇಕು ಎಂಬುದು ನಿಮ್ಮ ಕೈಯಲ್ಲಿ ಇರಲಿ. ಹೇಳಿಕೆ ಬರೆಯಿರಿ ಎಂದು ನಾನು ಒತ್ತಾಯ ಮಾಡುವುದು ಮುಖ್ಯವಾಗಿ ಇದಕ್ಕೇ.

ಹಂತ 2: ನಾಲ್ಕು ಬರಹಗಳನ್ನು ಒಂದರಲ್ಲಿ ಕಲಸಬೇಡಿ

ಕ್ಯಾಪ್ಷನ್: ಚಿತ್ರದಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಹೇಳುವ ಸಾಲು.
ಪರಿಚಯ: ನೀವು ಯಾರು, ಎಲ್ಲಿಯವರು, ಏನು ಓದಿದ್ದೀರಿ, ಎಲ್ಲೆಲ್ಲಿ ಪ್ರದರ್ಶನ ಆಗಿದೆ.
ಪ್ರಸ್ತಾವನೆ: ಮುಂದೆ ಏನು ಮಾಡುತ್ತೀರಿ, ಎಷ್ಟು ದಿನ, ಎಷ್ಟು ದುಡ್ಡು.
ಹೇಳಿಕೆ: ಈಗಾಗಲೇ ತೆಗೆದ ಈ ಚಿತ್ರಗಳು ಯಾಕೆ ಹೀಗಿವೆ.

ಇವುಗಳ ನಡುವಿನ ಗೆರೆ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚೆನ್ನಾಗಿ ಕಾಣುತ್ತದೆ. ಭೀಮಾ ದಂಡೆಯ ಕನಗನಹಳ್ಳಿಯ ಸ್ತೂಪದಲ್ಲಿ, ಒಬ್ಬ ರಾಜ ತನ್ನವರೊಂದಿಗೆ ನಿಂತಿರುವ ಕಲ್ಲಿನ ಫಲಕ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದ ಇದೆ: "ರಾಯ ಅಸೋಕೋ", ಅಂದರೆ ರಾಜ ಅಶೋಕ. ಆ ಎರಡು ಪದ ಇಲ್ಲದಿದ್ದರೆ ಅವನು ಯಾರೋ ಒಬ್ಬ ರಾಜ, ಅಷ್ಟೇ. ಅದು ಕ್ಯಾಪ್ಷನ್‌ನ ಶಕ್ತಿ. ಆದರೆ ಕೆತ್ತಿದವನು ರಾಜನನ್ನು ಹಾಗೆ ಯಾಕೆ ನಿಲ್ಲಿಸಿದ, ಅವನ ಮನಸ್ಸಿನಲ್ಲಿ ಏನಿತ್ತು? ಅದು ಅಲ್ಲಿ ಇಲ್ಲ. ಹೇಳಿಕೆಯ ಕೆಲಸ ಶುರುವಾಗುವುದು ಅಲ್ಲಿಂದ.

ಜಾಸ್ತಿ ಜನ ಮಾಡುವ ತಪ್ಪು, ಹೇಳಿಕೆಯ ಜಾಗದಲ್ಲಿ ಪರಿಚಯ ಬರೆಯುವುದು. "ನಾನು ಚಿಕ್ಕಂದಿನಿಂದಲೂ ಫೋಟೊಗ್ರಫಿಯಲ್ಲಿ ಆಸಕ್ತಿ ಹೊಂದಿದ್ದು" ಎಂದು ಶುರುವಾದರೆ ಅದು ಪರಿಚಯ. ತೆಗೆದು ಬೇರೆ ಕಾಗದದಲ್ಲಿ ಇಡಿ.

ಹಂತ 3: ಚಿತ್ರ ಆರಿಸಿದ ಮೇಲೆ ಪೆನ್ನು ಹಿಡಿಯಿರಿ

ಮೊದಲು ಹೇಳಿಕೆ ಬರೆದು ಆಮೇಲೆ ಅದಕ್ಕೆ ಚಿತ್ರ ಹುಡುಕಬೇಡಿ. ಒಂದೇ ವಿಷಯದ ಮೂವತ್ತು ನಲವತ್ತು ಚಿತ್ರಗಳನ್ನು ಸಣ್ಣ ಸೈಜಿನಲ್ಲಿ ಪ್ರಿಂಟ್ ಹಾಕಿಸಿ. ನೆಲದ ಮೇಲೆ ಹರಡಿ. ಎರಡು ಮೂರು ದಿನ ಹಾಗೇ ಬಿಡಿ. ಒಂದೇ ಮಾತನ್ನು ಎರಡು ಸಲ ಹೇಳುವ ಚಿತ್ರ ಇದ್ದರೆ ಒಂದನ್ನು ಎತ್ತಿಡಿ. ಹನ್ನೆರಡರಿಂದ ಹದಿನೈದು ಉಳಿದಾಗ ನಿಲ್ಲಿಸಿ. ಫೋನಿನಲ್ಲಿ ಸರಿಸಿ ನೋಡುವಾಗ ಕಾಣದ ಸಂಬಂಧ ನೆಲದ ಮೇಲೆ ಕಾಣುತ್ತದೆ.

ಮದುವೆ ಸ್ಟುಡಿಯೊದವರಿಗೆ ಒಂದು ಎಚ್ಚರಿಕೆ. ಗಿರಾಕಿ ದುಡ್ಡು ಕೊಟ್ಟು ತೆಗೆಸಿದ ಫೋಟೊವನ್ನು ನಿಮ್ಮ ಸರಣಿಗೆ ಸೇರಿಸುವ ಮೊದಲು ಯೋಚಿಸಿ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಅಂಥ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರು. ಕ್ಯಾಮೆರಾ ನಿಮ್ಮದು, ಕಣ್ಣು ನಿಮ್ಮದು, ಆದರೂ ಹಕ್ಕು ಅವರದು. ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಹಂತ 4: ಬರೆಯುವ ಮೊದಲು ಮಾತಾಡಿ

ಖಾಲಿ ಹಾಳೆ ಮುಂದೆ ಕೂತರೆ ಎಲ್ಲರಿಗೂ ಭಾಷಣದ ಕನ್ನಡ ಬಂದುಬಿಡುತ್ತದೆ. ಅದಕ್ಕೆ ಕೂರಲೇಬೇಡಿ. ಚಿತ್ರಗಳನ್ನು ಗೆಳೆಯರೊಬ್ಬರ ಎದುರು ಹರಡಿ, ಫೋನಿನಲ್ಲಿ ರೆಕಾರ್ಡ್ ಒತ್ತಿ, ಈ ಪ್ರಶ್ನೆಗಳನ್ನು ಕೇಳಲು ಹೇಳಿ. ನಿಮ್ಮ ಮನೆಯ ಕನ್ನಡದಲ್ಲೇ ಉತ್ತರ ಕೊಡಿ. ಉರ್ದು, ಮರಾಠಿ, ತೆಲುಗು, ಲಂಬಾಣಿ ನಡುವೆ ಬಂದರೆ ಬರಲಿ.

ಒಂದು, ಮತ್ತೆ ಮತ್ತೆ ಅಲ್ಲಿಗೆ ಯಾಕೆ ಹೋದಿರಿ? ಮೊದಲ ಸಲ ಹೋದದ್ದು ಅಕಸ್ಮಾತ್ ಇರಬಹುದು. ಐದನೇ ಸಲಕ್ಕೆ ಒಂದು ಕಾರಣ ಇದ್ದೇ ಇರುತ್ತದೆ.

ಎರಡು, ಎಲ್ಲಿ ನಿಂತಿರಿ? ಬೀದರ್‌ನ ಮಹಮೂದ್ ಗವಾನ್ ಮದರಸಾ 1472ರ ಹೊತ್ತಿನದು. ಔರಂಗಜೇಬನ ಕಾಲದಲ್ಲಿ ಅಲ್ಲಿ ಮದ್ದು ಸಿಡಿದು ಒಂದು ಭಾಗ ಬಿದ್ದುಹೋಯಿತು. ಬಂದವರೆಲ್ಲ ಉಳಿದ ಮಿನಾರಿನ ಎದುರು ನಿಲ್ಲುತ್ತಾರೆ. ನೀವು ಬಿದ್ದ ಕಡೆ ನಿಂತು ತೆಗೆದಿದ್ದರೆ ಅದು ನಿಮ್ಮ ಆಯ್ಕೆ. ಅದನ್ನು ಹೇಳಬೇಕು.

ಮೂರು, ಬೆಳಕು ಮತ್ತು ಸಾಧನ ಚಿತ್ರಕ್ಕೆ ಏನು ಮಾಡಿತು? ಕಲಬುರಗಿ ಕೋಟೆಯ ಜಾಮಿಯಾ ಮಸೀದಿ 1367ರದ್ದು. ಬೇರೆ ಮಸೀದಿಗಳ ಹಾಗೆ ನಡುವೆ ತೆರೆದ ಅಂಗಳ ಇಲ್ಲ, ಪೂರ್ತಿ ಗುಮ್ಮಟಗಳ ಮಾಡು. ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಒಳಗೆ ಫೋಟೊ ತೆಗೆಯುವವರು ಒಂದೋ ಕಪ್ಪನ್ನು ಕಪ್ಪಾಗಿಯೇ ಬಿಡಬೇಕು, ಇಲ್ಲವೇ ಹೊರಗಿನ ಬಿಸಿಲು ಪೂರ್ತಿ ಬೆಳ್ಳಗಾಗಲು ಬಿಡಬೇಕು. ನೀವು ಯಾವುದನ್ನು ಬಿಟ್ಟಿರಿ? ಇದು ಕ್ಯಾಮೆರಾ ಮಾಡೆಲ್ ಹೆಸರಿಗಿಂತ ಎಷ್ಟೋ ಮುಖ್ಯ.

ನಾಲ್ಕು, ಏನನ್ನು ತೆಗೆಯಲಿಲ್ಲ? ಯಾದಗಿರಿಯ ಮೈಲಾಪುರ ಜಾತ್ರೆಯಲ್ಲಿ ಎಲ್ಲರ ಕ್ಯಾಮೆರಾವೂ ಭಂಡಾರ (ಅರಿಶಿನ ಪುಡಿ) ಹಾರುವ ಗಳಿಗೆಗೆ ಕಾಯುತ್ತದೆ. ನೀವು ಮರುದಿನದ ಖಾಲಿ ಬಯಲು, ಅರಿಶಿನ ಮೆತ್ತಿದ ಮೆಟ್ಟಿಲು ತೆಗೆದಿದ್ದರೆ ನಿಮ್ಮ ಹೇಳಿಕೆಯ ಮೊದಲ ಸಾಲು ಅಲ್ಲೇ ಇದೆ.

ಐದು, ನಿಮಗೂ ಆ ಜಾಗಕ್ಕೂ ಏನು ನಂಟು? ಅಪ್ಪ ಶಹಾಬಾದಿನ ಪರಸಿ ಕಲ್ಲಿನ ಗಣಿಯಲ್ಲಿ ದುಡಿದವರಾ? ನೀವು ಆಡಿ ಬೆಳೆದ ಮನೆಯ ನೆಲ ಅದೇ ಕಲ್ಲಿನದಾ? ಹೇಳಿ. ನಂಟು ಇಲ್ಲವಾ? ಹೊರಗಿನವರಾಗಿ ಹೋದೆ ಎಂದು ಹೇಳಿ. ಅದೂ ಸರಿಯೇ. ಇಲ್ಲದ ನಂಟು ಕಟ್ಟಬೇಡಿ.

ರೆಕಾರ್ಡ್ ಆದದ್ದನ್ನು ಕೇಳಿ. ನಿಮ್ಮ ಧ್ವನಿ ಬಿಸಿಯಾಗುವ ಜಾಗ ಒಂದೆರಡು ಇರುತ್ತವೆ. ಆ ಸಾಲುಗಳನ್ನು ಹಾಗೇ ಬರೆದುಕೊಳ್ಳಿ.

ಹಂತ 5: ಮೊದಲ ಕರಡು

ನಮ್ಮಲ್ಲಿ ಓಡಾಡುವ ಹೇಳಿಕೆಗಳು ಸಾಮಾನ್ಯವಾಗಿ ಹೀಗಿರುತ್ತವೆ:

"ನನ್ನ ಛಾಯಾಚಿತ್ರಗಳು ಬೆಳಕು ಮತ್ತು ನೆರಳಿನ ನಡುವಿನ ಸಂವಾದ. ಕಾಲ ಹಾಗೂ ಸ್ಮೃತಿಗಳ ಆಳವನ್ನು ಶೋಧಿಸುತ್ತಾ ಮಾನವ ಅಸ್ತಿತ್ವದ ಸಂಕೀರ್ಣತೆಯನ್ನು ಅನಾವರಣಗೊಳಿಸುವ ಪಯಣವಿದು."

ಈ ಎರಡು ಸಾಲನ್ನು ಕಲಬುರಗಿಯ ಹಫ್ತ್ ಗುಂಬಜ್ ಗೋರಿಗಳ ಚಿತ್ರದ ಕೆಳಗೆ ಅಂಟಿಸಿ, ಸರಿಹೊಂದುತ್ತದೆ. ತೊಗರಿ ರಾಶಿಯ ಚಿತ್ರದ ಕೆಳಗೂ ಸರಿಹೊಂದುತ್ತದೆ. ಎಲ್ಲದಕ್ಕೂ ಹೊಂದುವ ಮಾತು ನಿಮ್ಮ ಚಿತ್ರದ ಬಗ್ಗೆ ಏನನ್ನೂ ಹೇಳಿಲ್ಲ ಎಂದೇ ಅರ್ಥ. ಫೋನಿನ ಎಐ ಹತ್ತಿರ ಬರೆಸಿದರೂ ಇಂಥದ್ದೇ ಬರುತ್ತದೆ, ಏಕೆಂದರೆ ನೀವು ಎಲ್ಲಿ ನಿಂತಿದ್ದಿರಿ ಎಂದು ಅದಕ್ಕೆ ಗೊತ್ತಿಲ್ಲ.

ಬಿದರಿ ಕೆಲಸದ ಚಿತ್ರಗಳಿಗೆ ನಾನು ಬರೆದದ್ದನ್ನು ಮಾದರಿಗೆ ಕೊಡುತ್ತೇನೆ:

"ಬೀದರ್‌ನ ಒಂದು ಬಿದರಿ ಕಾರ್ಖಾನೆಗೆ ಎರಡು ವರ್ಷ ಹೋಗಿ ಬಂದೆ. ಸತು ಮತ್ತು ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆ ಕೊನೆಯಲ್ಲಿ ಕಪ್ಪಾಗುವ ಗಳಿಗೆ ನನ್ನನ್ನು ಅಲ್ಲಿಗೆ ಎಳೆಯಿತು. ಕೋಟೆಯ ಮಣ್ಣು, ನವಸಾಗರ ಕಲಸಿದ ನೀರು ತಾಗಿದರೆ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಹೂದಾನಿಯನ್ನೂ ನಾನು ಪೂರ್ತಿ ತೋರಿಸಿಲ್ಲ. ಕೈಗಳನ್ನು ಮಾತ್ರ ತೆಗೆದಿದ್ದೇನೆ. ಫ್ಲ್ಯಾಶ್ ಬಳಸಿಲ್ಲ. ಕೆತ್ತುವವರು ಕೂರುವುದು ಕಿಟಕಿಯ ಬೆಳಕಿಗೆ, ನಾನೂ ಅದೇ ಬೆಳಕಿನಲ್ಲಿ ಕೂತೆ. ಕೆಲಸ ಮುಗಿದ ಮೇಲೂ ಉಗುರಿನಲ್ಲಿ ಉಳಿಯುವ ಕಪ್ಪು ಮತ್ತು ಪಾತ್ರೆಯ ಕಪ್ಪು ಬೇರೆ ಬೇರೆ. ಆ ಎರಡನ್ನೂ ಒಂದೇ ಕಾಗದದ ಮೇಲೆ ತರಲು ಈ 14 ಚಿತ್ರಗಳಲ್ಲಿ ಪ್ರಯತ್ನಿಸಿದ್ದೇನೆ."

ಇದರಲ್ಲಿ ದೊಡ್ಡ ಪದ ಇಲ್ಲ. ಎಲ್ಲಿ, ಎಷ್ಟು ದಿನ, ಏನನ್ನು ಬಿಟ್ಟೆ, ಯಾವ ಬೆಳಕು, ಏನು ಹುಡುಕಿದೆ ಎಂಬುದಿದೆ. ಓದಿದವರು ಮತ್ತೆ ಚಿತ್ರದ ಹತ್ತಿರ ಹೋಗಿ ಉಗುರು ನೋಡುತ್ತಾರೆ. ಹೇಳಿಕೆ ಓದಿ ಮುಗಿಸಿದವರ ಕಣ್ಣು ಚಿತ್ರಕ್ಕೆ ವಾಪಸ್ ಹೋಗಬೇಕು, ಅಲ್ವಾ?

ನೀವು ಇದನ್ನೇ ಅಚ್ಚು ಮಾಡಿಕೊಳ್ಳಬೇಕಿಲ್ಲ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಸಿಕ್ಕ ಬಿಸಿ ಸಾಲನ್ನು ಮೇಲೆ ಇಡಿ. ಉಳಿದದ್ದು ಅದರ ಹಿಂದೆ ಬರಲಿ.

ಹಂತ 6: ಕಡಿಮೆ ಮಾಡಿ

ಕನ್ನಡದಲ್ಲಿ ನೂರು ಪದದ ಆಸುಪಾಸು ಸಾಕು. ಕೇಳಿದವರು ಮಿತಿ ಕೊಟ್ಟಿದ್ದರೆ ಅದನ್ನು ದಾಟಬೇಡಿ.

ಮೊದಲು ಕೆಳಗೆ ಬೀಳಬೇಕಾದ ಪದಗಳು: ಮೂಕ ಸಾಕ್ಷಿ, ಕಾಲಗರ್ಭ, ಮುಗ್ಧ ಹಳ್ಳಿಗರು, ಭಾವನೆಗಳ ಅನಾವರಣ. "ಹಿಂದುಳಿದ" ಎಂಬುದನ್ನು ಪೂರ್ತಿ ಬಿಡಿ. ಅದು ಸರ್ಕಾರಿ ಕಡತದ ಪದ. ಚಿತ್ರದಲ್ಲಿರುವ ಮನುಷ್ಯರಿಗೆ ಅಂಟಿಸುವ ಪದ ಅಲ್ಲ. ನೀರಿಲ್ಲ ಎಂದು ಹೇಳಬೇಕಿದ್ದರೆ ನೀರಿಲ್ಲ ಎಂದೇ ಬರೆಯಿರಿ. ಕೆಲಸ ಹುಡುಕಿ ಪುಣೆಗೆ ಗುಳೆ ಹೋದರು ಎನ್ನಬೇಕಿದ್ದರೆ ಹಾಗೇ ಬರೆಯಿರಿ.

ಇಸವಿ, ರಾಜರ ಹೆಸರು ಹಾಕಿದ್ದರೆ ಸ್ಮಾರಕದ ಬಳಿಯ ಫಲಕ ಅಥವಾ ಒಳ್ಳೆಯ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಬೀದರ್‌ನ ಬಹಮನಿ ಗೋರಿಗಳನ್ನು, ಅವರ ನಂತರ ಆಳಿದ ಬರೀದ್‌ಶಾಹಿಗಳ ಗೋರಿಗಳನ್ನು ಅದಲು ಬದಲು ಮಾಡಿದ ಬರಹ ಬೇಕಾದಷ್ಟು ಕಂಡಿದ್ದೇನೆ. ಬೀದರ್ ಕಡೆ ಬಹಮನಿ ಸುಲ್ತಾನರ ಗೋರಿಗಳಿರುವುದು ಹತ್ತಿರದ ಅಷ್ಟೂರಿನಲ್ಲಿ.

ಹಂತ 7: ಚಿತ್ರದಲ್ಲಿರುವವರಿಗೆ ಓದಿ ಹೇಳಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಮೇಲಿನ ಬಿದರಿ ಹೇಳಿಕೆಯ ಮೊದಲ ಕರಡಿನಲ್ಲಿ ನಾನು "ಅಳಿದು ಹೋಗುತ್ತಿರುವ ಕಲೆ" ಎಂದು ಬರೆದಿದ್ದೆ. ಅದನ್ನು ಕೆತ್ತನೆ ಮಾಡುವ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರು ಉಳಿ ಕೆಳಗಿಟ್ಟು ಕೇಳಿದರು: "ನಾ ದಿನಾ ಮಾಡ್ಲಾಕತ್ತೀನಿ. ನೀವು ಸತ್ತದಂತ ಬರ್ದೀರಲ್ರಿ?" ಅವತ್ತೇ ಆ ಸಾಲು ಹೊಡೆದು ಹಾಕಿದೆ. ನಾನು ಎಲ್ಲೋ ಓದಿದ್ದನ್ನು ಅವರ ಮೇಲೆ ಹೊರಿಸಿದ್ದೆ.

ಓದಿ ಹೇಳುವಾಗ ಮೂರು ವಿಷಯ ಕೇಳಿ. ಇದರಲ್ಲಿ ತಪ್ಪು ಇದೆಯಾ? ನಿಮ್ಮ ಹೆಸರು ಹಾಕಲಾ, ಬೇಡವಾ? ಈ ಚಿತ್ರ ಬೇರೆ ಊರಿನವರೂ ನೋಡುತ್ತಾರೆ, ಸರಿನಾ? ಮಕ್ಕಳ ಚಿತ್ರವಾದರೆ ತಂದೆ ತಾಯಿಯನ್ನು ಕೇಳಬೇಕು.

ಒಪ್ಪಿಗೆ ಇದ್ದರೂ ಕೆಲವು ವಿವರ ಬರೆಯದಿರುವುದೇ ಒಳ್ಳೆಯದು. ಗುಳೆ ಹೋದವರ ಬೀಗ ಹಾಕಿದ ಮನೆಗಳ ಸರಣಿ ಮಾಡಿದರೆ ಊರು, ಓಣಿಯ ಹೆಸರು ಹಾಕಬೇಡಿ. ಮನೆ ತಿಂಗಳುಗಟ್ಟಲೆ ಖಾಲಿ ಎಂದು ಎಲ್ಲರಿಗೂ ಸಾರಿದ ಹಾಗಾಗುತ್ತದೆ. ಹಕ್ಕಿ ಗೂಡಿನ ಜಾಗವೂ ಅಷ್ಟೇ.

ಹಂತ 8: ಇಂಗ್ಲಿಷ್, ಟೈಪಿಂಗ್, ಪ್ರಿಂಟ್

ಇಂಗ್ಲಿಷ್‌ನಲ್ಲಿ ಕೇಳಿದ್ದರೂ ಕನ್ನಡದಲ್ಲೇ ಮೊದಲು ಬರೆಯಿರಿ. ಆಮೇಲೆ ಇಂಗ್ಲಿಷ್ ಬಲ್ಲವರ ಜೊತೆ ಕೂತು ಸಾಲು ಸಾಲಾಗಿ ಮಾಡಿ. ಅನುವಾದ ಮಾಡುವವರು ಪ್ರೀತಿಯಿಂದ ನಿಮ್ಮ ಮಾತನ್ನು ದೊಡ್ಡದು ಮಾಡಲು ಹೋಗುತ್ತಾರೆ, ಅದನ್ನು ತಡೆಯಿರಿ. ಬಿದರಿ, ಜಾತ್ರೆ, ಗುಳೆ, ಭಂಡಾರ ಇವನ್ನು ಹಾಗೇ ಉಳಿಸಿ, ಒಂದೆರಡು ಪದದಲ್ಲಿ ಅರ್ಥ ಕೊಡಿ. ಊರಿನ ಹೆಸರಿಗೆ ಒಂದೇ ಕಾಗುಣಿತ ಇರಲಿ. ಗುಲ್ಬರ್ಗ ಹೋಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಹೊರಗಿನವರಿಗೆ ಹಳೆಯ ಹೆಸರೇ ಪರಿಚಯ ಇದ್ದರೆ ಒಮ್ಮೆ ಮಾತ್ರ "ಹಿಂದಿನ ಗುಲ್ಬರ್ಗ" ಎಂದು ಹೇಳಿ ಮುಂದೆ ಹೋಗಿ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಪದ್ಧತಿಯಲ್ಲಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿ ಆನ್‌ಲೈನ್ ಫಾರ್ಮ್‌ಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ನೋಡದೆ ಕಳಿಸಿದರೆ ಅರ್ಜಿ ಅಲ್ಲಿಗೆ ಮುಗಿಯಿತು.

ಫಾರ್ಮ್‌ನಲ್ಲಿ ಪದದ ಬದಲು ಅಕ್ಷರದ ಮಿತಿ ಇದ್ದರೆ ಹುಷಾರು. ಕಂಪ್ಯೂಟರ್ ಸಾಮಾನ್ಯವಾಗಿ ಕನ್ನಡದ ಒತ್ತು, ಸ್ವರ ಚಿಹ್ನೆಗಳನ್ನು ಬೇರೆ ಬೇರೆ ಎಣಿಸುತ್ತದೆ. "ಸ್ತ್ರೀ" ಎಂಬ ಒಂದಕ್ಷರ ಅದರ ಲೆಕ್ಕದಲ್ಲಿ 6. 500 ಅಕ್ಷರ ಎಂದರೆ ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಕೊನೆಯ ದಿನಕ್ಕೆ ಬಿಡದೆ ಮೊದಲೇ ಪೇಸ್ಟ್ ಮಾಡಿ ನೋಡಿ.

ಗೋಡೆಗೆ ಹಾಕುವ ಫಲಕವನ್ನು ಹಳೆಯ ಫೋಟೊಶಾಪ್‌ನಲ್ಲಿ ಮಾಡುವವರಿಗೆ ಒತ್ತಕ್ಷರ ಒಡೆದು ಬರುತ್ತದೆ. ಅದರ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ ಹೊಸ ಫೈಲ್ ತೆರೆದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಅಕ್ಷರದ ಸೈಜು 24 ಪಾಯಿಂಟ್‌ಗಿಂತ ಕಡಿಮೆ ಬೇಡ. ನಿಂತು ಓದುವವರಲ್ಲಿ ವಯಸ್ಸಾದವರೂ ಇರುತ್ತಾರೆ. ಫಲಕ ಕನ್ನಡದಲ್ಲಿ ಮೇಲೆ, ಇಂಗ್ಲಿಷ್‌ನಲ್ಲಿ ಕೆಳಗೆ ಇರಲಿ. ಚಿತ್ರದಲ್ಲಿರುವವರು ತಮ್ಮ ಮನೆಯವರನ್ನು ಕರೆದುಕೊಂಡು ನೋಡಲು ಬರುತ್ತಾರೆ. ಅವರು ನಿಂತು ಓದುವ ಹಾಗೆ ಇರಬೇಕು.

ಕೊನೆಗೆ ಮೂರು ಅಳತೆಯಲ್ಲಿ ಇಟ್ಟುಕೊಳ್ಳಿ: ವಾಟ್ಸಾಪ್, ಇನ್‌ಸ್ಟಾಗ್ರಾಂಗೆ ಒಂದು ಸಾಲು, ಕರಪತ್ರಕ್ಕೆ ನಲವತ್ತು ಪದ, ಅರ್ಜಿಗೆ ಪೂರ್ತಿ. ಫೈಲ್ ಹೆಸರಿನಲ್ಲಿ ತಾರೀಖು ಹಾಕಿ. ಸರಣಿಗೆ ಹೊಸ ಚಿತ್ರ ಸೇರಿದಾಗ ಹಳೆಯ ಹೇಳಿಕೆಯನ್ನೇ ಕಳಿಸಬೇಡಿ. ಮತ್ತೆ ನೆಲದ ಮೇಲೆ ಹರಡಿ, ಮೂರನೇ ಹಂತದಿಂದ ಶುರು ಮಾಡಿ. ಎರಡನೇ ಸಲ ಒಂದು ಸಂಜೆ ಸಾಕಾಗುತ್ತದೆ.